ನೀಲಿ ಫೈಲಿನ ಅಕ್ಕನಿಗೆ

ವೀಸಾ ಅರ್ಜಿಯ ಸಾಲಿನಲ್ಲಿ ನನ್ನ ಮುಂದೆ ನೀಲಿ ಫೈಲ್ ಹಿಡಿದು ನಿಂತಿದ್ದ ಅಕ್ಕಾ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಶೆಂಗೆನ್ ವೀಸಾಗೆ ನಾನು ಸುಮ್ನೆ ಕಾಗದ ಜೋಡಿಸಿಕೊಳ್ಳುತ್ತಿದ್ದೆ. ನೀವು ತಿರುಗಿ ನೋಡಿ, "ಶೆಂಗೆನ್ ವೀಸಾ ತಾನೇ? ಈ ಫೋಟೋ ಅಮೆರಿಕದ ಅಳತೆಯದ್ದಲ್ವಾ?" ಅಂದಿರಿ. ನಿಜ! ಅದು ಹಳೇ ಅರ್ಜಿಗೆ ತೆಗೆಸಿ ಉಳಿದಿದ್ದ 2 ಇಂಚಿನ ಚೌಕ ಫೋಟೋ. ಬೇಕಿದ್ದದ್ದು 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರದ್ದು. ಕತ್ತರಿಸಿದರೆ ಆಯ್ತಲ್ಲ ಅಂದುಕೊಂಡೆ. ಮುಖದ ಅಳತೆಯನ್ನೂ ನೋಡುತ್ತಾರೆ ಅಂತ ನೀವೇ ತಡೆದಿರಿ.

ಅಷ್ಟಕ್ಕೇ ಬಿಡಲಿಲ್ಲ. ವಿಮೆ ಕಾಗದದ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದಿರಿ. ವಿಮೆಯ ಮೊತ್ತ ಬೇಕಾದಷ್ಟೇ, 30,000 ಯೂರೋ ಇತ್ತು, ಸರಿ. ಆದರೆ ನಾನು ವಾಪಸ್ ಹೊರಡುವ ಹಿಂದಿನ ದಿನವೇ ವಿಮೆ ಮುಗಿಯುತ್ತಿತ್ತು! ಮೂರು ಸಲ ನೋಡಿದ್ದೆ, ಕಣ್ಣಿಗೇ ಬಿದ್ದಿರಲಿಲ್ಲ. ಪಾಸ್‌ಪೋರ್ಟ್ ಅವಧಿ ಅಲ್ಲಿಂದ ಹೊರಟ ಮೇಲೂ 3 ತಿಂಗಳು ಇರಬೇಕು ಅಂತ ಬೆರಳು ಮಡಚಿ ಎಣಿಸಿದಿರಿ. ಖಾಲಿ ಪುಟ 2 ಇದೆಯಾ ಅಂತಲೂ ತಿರುವಿ ಹಾಕಿದಿರಿ.

ನಾನು ಫೋಟೋಗೆ ಓಡಿದಾಗ ನನ್ನ ಜಾಗ ಕಾದದ್ದೂ ನೀವೇ. ಹಿಂದಿನವರು ಗೊಣಗಿದರಂತೆ. ಪಾಪ, ಅವರದ್ದೇನೂ ತಪ್ಪಿಲ್ಲ ಬಿಡಿ.

ವೀಸಾ ಬಂತು ಅಕ್ಕಾ. ನೀವು ಹೇಳಿದ ಹಾಗೆ ಸ್ಟಿಕ್ಕರ್ ಮೇಲಿನ ಹೆಸರು, ಪಾಸ್‌ಪೋರ್ಟ್ ನಂಬರ್, ತಾರೀಖು ಎಲ್ಲ ಕೈಗೆ ಬಂದ ತಕ್ಷಣ ನೋಡಿಕೊಂಡೆ. ತುಂಬಾ ಥ್ಯಾಂಕ್ಸ್. ನಿಮ್ಮ ಪೆನ್ನು ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ.