ಪುಟ್ಟ ಕ್ಯಾಮೆರಾದ ಫೋಟೊ ಸ್ಟಾಕ್ ತಾಣಕ್ಕೆ ನಡೆಯುತ್ತದೆ

ಮಾನ್ಯ ಸಂಪಾದಕರೇ,

ಪ್ರವಾಸದಲ್ಲಿ ತೆಗೆದ ಫೋಟೊಗಳನ್ನು ಸ್ಟಾಕ್ ತಾಣಗಳಲ್ಲಿ (ಬಳಕೆಯ ಹಕ್ಕು ಕೊಟ್ಟು ಫೋಟೊ ಮಾರುವ ಜಾಲತಾಣಗಳಲ್ಲಿ) ಮಾರುವ ಬಗ್ಗೆ ಬರುವ ಲೇಖನಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತವೆ. ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾ ಇಲ್ಲದಿದ್ದರೆ ಆ ಕಡೆ ತಲೆ ಹಾಕಬೇಡಿ ಎನ್ನುತ್ತವೆ ಕೆಲವು. ಕೈಯಲ್ಲಿರುವ ಮೊಬೈಲೇ ಸಾಕು ಎಂದು ಬೆನ್ನು ತಟ್ಟುತ್ತವೆ ಇನ್ನು ಕೆಲವು. ನಡುವೆ ಇರುವ, ಲೆನ್ಸ್ ಕಳಚಲು ಬಾರದ ಪುಟ್ಟ ಕಾಂಪ್ಯಾಕ್ಟ್ ಕ್ಯಾಮೆರಾದ ಸುದ್ದಿಯೇ ಇರುವುದಿಲ್ಲ. ಆ ಕ್ಯಾಮೆರಾದ ಫೋಟೊ ಸ್ಟಾಕ್ ತಾಣಗಳಿಗೆ ಧಾರಾಳವಾಗಿ ನಡೆಯುತ್ತದೆ. ತಿರಸ್ಕೃತವಾಯಿತೆಂದರೆ ತಪ್ಪು ಬಹುಮಟ್ಟಿಗೆ ಸೆಟ್ಟಿಂಗ್‌ನಲ್ಲೋ ಕ್ಯಾಪ್ಷನ್‌ನಲ್ಲೋ ಇರುತ್ತದೆ.

ಮೊದಲು ಗಾತ್ರದ ಲೆಕ್ಕ. ಶಟರ್‌ಸ್ಟಾಕ್ ಮತ್ತು ಅಡೋಬಿ ಸ್ಟಾಕ್ ಕೇಳುವುದು ಕನಿಷ್ಠ 4 ಮೆಗಾಪಿಕ್ಸೆಲ್. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100 ಕೂಡ 20 ಮೆಗಾಪಿಕ್ಸೆಲ್ ಕೊಡುತ್ತಿತ್ತು. ಹಾಗಾಗಿ ಮೆಗಾಪಿಕ್ಸೆಲ್ ನೋಡಿ ಕ್ಯಾಮೆರಾ ಆರಿಸಬೇಕಾದ್ದಿಲ್ಲ, ನೋಡಬೇಕಾದದ್ದು ಬೆಳಕನ್ನು ಚಿತ್ರವಾಗಿಸುವ ಸೆನ್ಸರ್. ಮೂವತ್ತು ಪಟ್ಟು, ನಲವತ್ತು ಪಟ್ಟು ಜೂಮ್ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಪುಟ್ಟ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು 1/2.3 ಇಂಚಿನ ಸೆನ್ಸರ್. ಅಳತೆ ಸುಮಾರು 6.2 × 4.6 ಮಿ.ಮೀ. ಒಂದು ಇಂಚಿನದು ಎಂದು ಕರೆಯುವ ಸೆನ್ಸರ್ 13.2 × 8.8 ಮಿ.ಮೀ. ಇರುತ್ತದೆ, ವಿಸ್ತೀರ್ಣದಲ್ಲಿ ಅದರ ನಾಲ್ಕರಷ್ಟು. ರಿಕೋ ಜಿಆರ್ 3, ಫ್ಯೂಜಿಫಿಲ್ಮ್ ಎಕ್ಸ್100 ಸರಣಿಗಳಲ್ಲಿ ಇನ್ನೂ ದೊಡ್ಡದಾದ ಎಪಿಎಸ್-ಸಿ ಸೆನ್ಸರ್ ಇದೆ, ಆದರೆ ಜೂಮ್ ಇಲ್ಲ. ಬೇಕಾದರೆ ಕಾಲು ನಡೆಸಿ ಹತ್ತಿರ ಹೋಗಬೇಕು. ಸ್ಟಾಕ್‌ಗೆಂದೇ ಕೊಳ್ಳುವವರು ಒಂದು ಇಂಚಿಗಿಂತ ಕೆಳಗೆ ಇಳಿಯದಿರುವುದು ಮೇಲು. ರಾ ಫೈಲ್ (ಸಂಸ್ಕರಿಸದ ಮೂಲ ದತ್ತಾಂಶ) ಉಳಿಸದ ಕ್ಯಾಮೆರಾವಂತೂ ಬೇಡವೇ ಬೇಡ.

ರಾ ಏಕೆಂದರೆ, ಪುಟ್ಟ ಸೆನ್ಸರಿನ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಅಡಗಿಸಲು ಕ್ಯಾಮೆರಾ ತಾನೇ ಜೆಪೆಗ್ ಅನ್ನು ಸವರಿಬಿಡುತ್ತದೆ. ದೂರದ ಮರಗಳ ಎಲೆ, ಹಂಚಿನ ಸಾಲು, ಹುಲ್ಲು ಎಲ್ಲ ಕಲಸಿದ ಜಲವರ್ಣದಂತೆ ಕಾಣುತ್ತವೆ. ಮೇಲಿಂದ ಶಾರ್ಪ್‌ನೆಸ್ ಹೆಚ್ಚಿಸಿ ಅಂಚುಗಳ ಸುತ್ತ ಬಿಳಿ ಗೆರೆ ಎಳೆಯುತ್ತದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಇದ್ಯಾವುದೂ ತಿಳಿಯುವುದಿಲ್ಲ. ಪರಿಶೀಲಕರು ಚಿತ್ರವನ್ನು ನೂರಕ್ಕೆ ನೂರು ಗಾತ್ರಕ್ಕೆ ಹಿಗ್ಗಿಸಿ ನೋಡಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ರಾ ಫೈಲಿನಲ್ಲಿ ನಾಯ್ಸ್ ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬುದು ನಮ್ಮ ಕೈಯಲ್ಲಿರುತ್ತದೆ. ಡಿಜಿಟಲ್ ಜೂಮ್, ಸೀನ್ ಮೋಡ್, ಫೋಟೊ ಮೂಲೆಯಲ್ಲಿ ದಿನಾಂಕ ಅಚ್ಚೊತ್ತುವ ಸೌಲಭ್ಯ, ಮೂರನ್ನೂ ಮೊದಲೇ ಆಫ್ ಮಾಡಿಡುವುದು ಒಳ್ಳೆಯದು.

ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಂಡಿಯ ವಿಷಯದಲ್ಲಿ ದೊಡ್ಡ ಕ್ಯಾಮೆರಾದಿಂದ ಬಂದವರೇ ಹೆಚ್ಚು ಎಡವುತ್ತಾರೆ. ಭೂದೃಶ್ಯ ಎಂದ ಕೂಡಲೇ ಎಫ್/11ಕ್ಕೆ ಕೈ ಹೋಗುತ್ತದೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಂಡಿ ಕಿರಿದು). ಒಂದು ಇಂಚಿನ ಸೆನ್ಸರಿನಲ್ಲಿ 20 ಮೆಗಾಪಿಕ್ಸೆಲ್ ತುಂಬಿದಾಗ ಒಂದೊಂದು ಪಿಕ್ಸೆಲ್ ಸುಮಾರು 2.4 ಮೈಕ್ರಾನ್ ಅಗಲ. ಎಫ್/11ರಲ್ಲಿ ಕಿರಿದಾದ ಕಂಡಿ ಹಾಯುವಾಗಿನ ಡಿಫ್ರಾಕ್ಷನ್‌ನಿಂದ ಬೆಳಕಿನ ಒಂದು ಬಿಂದು ಹರಡಿಕೊಳ್ಳುವುದು ಸುಮಾರು 15 ಮೈಕ್ರಾನ್, ಅಂದರೆ ಆರು ಪಿಕ್ಸೆಲ್‌ಗಳಷ್ಟು. ಎಷ್ಟೇ ಒಳ್ಳೆಯ ಲೆನ್ಸ್ ಇದ್ದರೂ ಚಿತ್ರ ಮಂಕಾಗಲೇಬೇಕು. ಎಫ್/4ರಲ್ಲಿ ಅದೇ ಬಿಂದು ಐದೂವರೆ ಮೈಕ್ರಾನಿಗೆ ಇಳಿಯುತ್ತದೆ. ಸೆನ್ಸರ್ ಚಿಕ್ಕದಾದ್ದರಿಂದ ಎಫ್/4ರಲ್ಲೇ ದೊಡ್ಡ ಫುಲ್ ಫ್ರೇಮ್ ಸೆನ್ಸರಿನ ಎಫ್/11ರಷ್ಟು ಆಳದ ಫೋಕಸ್ ಸಿಗುತ್ತದೆ. ಮುಚ್ಚುವ ಅಗತ್ಯವೇ ಇಲ್ಲ. ಎಫ್/4, ಬೇಕಾದರೆ ಎಫ್/5.6, ಅಲ್ಲಿಗೆ ನಿಲ್ಲಿಸಿ. ಬಿಸಿಲು ಜಾಸ್ತಿಯಾಗಿ ಜಲಪಾತಕ್ಕೆ ನಿಧಾನದ ಶಟರ್ ಸಿಗದಿದ್ದರೆ ಅಪರ್ಚರ್ ಮುಚ್ಚುವ ಬದಲು ಕ್ಯಾಮೆರಾದೊಳಗೇ ಇರುವ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ. ಇಂಥ ಅನೇಕ ಮಾದರಿಗಳ ಮೆನುವಿನಲ್ಲಿ ಅದು ಇರುತ್ತದೆ. ಇದೆ ಎಂಬುದೇ ಬಹಳಷ್ಟು ಜನರಿಗೆ ಗೊತ್ತಿರುವುದಿಲ್ಲ.

ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಳತೆ) ಅನ್ನು ಆಟೋದಲ್ಲಿ ಬಿಟ್ಟರೆ ಸಂಜೆಯ ಹೊತ್ತಿಗೆ 3200ಕ್ಕೆ ಹತ್ತಿ ಕೂತಿರುತ್ತದೆ. ಒಂದು ಇಂಚಿನ ಸೆನ್ಸರಿಗೆ 400ರವರೆಗೆ ಚಿಂತೆಯಿಲ್ಲ, 800 ಎಂದರೆ ಎಚ್ಚರಿಕೆಯಿಂದ ಸಂಸ್ಕರಿಸಬೇಕು. ಆಟೋ ಬೇಕೆಂದರೆ ಗರಿಷ್ಠ ಮಿತಿಯನ್ನು 800ಕ್ಕೆ ಕಟ್ಟಿಹಾಕಿ. ಕದಲದ ವಸ್ತುವಾದರೆ ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸರ್ ನಂಬಿ ಶಟರ್ ವೇಗವನ್ನು 1/15 ಸೆಕೆಂಡಿಗೆ ಇಳಿಯಬಹುದು. ಇನ್ನೂ ಕತ್ತಲಾದರೆ ಗೋಡೆಯ ಮೇಲೋ ಕಟ್ಟೆಯ ಮೇಲೋ ಕ್ಯಾಮೆರಾ ಇಟ್ಟು ಎರಡು ಸೆಕೆಂಡಿನ ಟೈಮರ್ ಹಾಕಿದರಾಯಿತು. ನಡೆದಾಡುವ ಜನರಿದ್ದರೆ 1/125ಕ್ಕಿಂತ ಕೆಳಗೆ ಬೇಡ. ಅನಿವಾರ್ಯವಾಗಿ 1600ರಲ್ಲಿ ತೆಗೆದ ಫೋಟೊವನ್ನೂ ಉಳಿಸಿಕೊಳ್ಳಬಹುದು: 5472 ಪಿಕ್ಸೆಲ್ ಅಗಲದ ಚಿತ್ರವನ್ನು 3464ಕ್ಕೆ ಕುಗ್ಗಿಸಿದರೆ 8 ಮೆಗಾಪಿಕ್ಸೆಲ್ ಉಳಿಯುತ್ತದೆ. ಅಕ್ಕಪಕ್ಕದ ಪಿಕ್ಸೆಲ್‌ಗಳು ಸೇರಿ ನಾಯ್ಸ್ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ, ಗಾತ್ರ ಕನಿಷ್ಠ ಮಿತಿಯ ಎರಡರಷ್ಟು ಇದ್ದೇ ಇರುತ್ತದೆ. ಹಿಗ್ಗಿಸುವುದು ಮಾತ್ರ ಎಂದಿಗೂ ಬೇಡ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಪ್ರವಾಸಿಗೆ ಪ್ರಿಯ, ಆದರೆ ದೀಪದ ಬೆಳಕಿನಲ್ಲಿ ಅದು ಚಿತ್ರದ ಅಡ್ಡಕ್ಕೆ ಪಟ್ಟೆ ಎಳೆಯುತ್ತದೆ. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಶಟರ್ ವೇಗ 1/50 ಅಥವಾ 1/100 ಇಟ್ಟರೆ ಪಟ್ಟೆ ಮಾಯ. 60 ಹರ್ಟ್ಸ್ ದೇಶಗಳಲ್ಲಿ 1/60 ಅಥವಾ 1/125. ಮೆಕ್ಯಾನಿಕಲ್ ಶಟರ್ ಇದ್ದರೆ ಒಳಾಂಗಣದಲ್ಲಿ ಅದನ್ನೇ ಬಳಸುವುದು ಕ್ಷೇಮ. ಈ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಅದು ಲೆನ್ಸಿನೊಳಗೇ ಇರುವ ಲೀಫ್ ಶಟರ್ ಆಗಿರುವುದರಿಂದ ಸದ್ದೂ ಹೆಚ್ಚಿಲ್ಲ.

ಕಾಂಪ್ಯಾಕ್ಟ್‌ನ ನಿಜವಾದ ಶತ್ರು ದೂಳು. ಲೆನ್ಸ್ ಕಳಚಲು ಬರುವುದಿಲ್ಲ, ಹಾಗಾಗಿ ದೂಳು ಒಳಗೆ ಹೋಗುವುದಿಲ್ಲ ಎಂದು ನಂಬುವವರಿದ್ದಾರೆ. ಹೊರಚಾಚುವ ಲೆನ್ಸ್ ಕೊಳವೆ ಪ್ರತಿ ಬಾರಿ ಮುಂದೆ ಬಂದಾಗ ಗಾಳಿ ಎಳೆದುಕೊಳ್ಳುತ್ತದೆ, ಜತೆಗೆ ಜೇಬಿನ ಬಟ್ಟೆಯ ನವಿರು ಎಳೆಗಳನ್ನೂ ಒಳಗೆ ಸೆಳೆಯುತ್ತದೆ. ಒಮ್ಮೆ ಸೆನ್ಸರ್ ಮೇಲೆ ಕೂತರೆ ಬಿಚ್ಚಿ ಒರೆಸುವುದು ಸರ್ವಿಸ್ ಸೆಂಟರಿನವರ ಕೆಲಸ. ಪ್ರವಾಸಕ್ಕೆ ಮುಂಚೆಯೇ ಪರೀಕ್ಷೆ ಮಾಡಿಕೊಳ್ಳಿ. ಅಪರ್ಚರ್ ಅನ್ನು ಎಫ್/11ಕ್ಕೆ ಮುಚ್ಚಿ (ಎಫ್/11ರ ಒಂದೇ ಸದುಪಯೋಗ ಇದು), ಫೋಕಸ್ ಅನ್ನು ಬೇಕೆಂದೇ ತಪ್ಪಿಸಿ, ಮೋಡವಿಲ್ಲದ ಆಕಾಶ ಅಥವಾ ಬಿಳಿ ಗೋಡೆಯ ಒಂದು ಫೋಟೊ ತೆಗೆಯಿರಿ. ಜೂಮಿನ ಎರಡೂ ತುದಿಯಲ್ಲಿ ಒಂದೊಂದು ತೆಗೆಯಬೇಕು. ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಪೂರ್ತಿ ಏರಿಸಿ, ಮೂಲೆಯಿಂದ ಮೂಲೆಗೆ ಹಿಗ್ಗಿಸಿ ನೋಡುತ್ತಾ ಹೋದರೆ ಬೂದು ಚುಕ್ಕೆಗಳು ಕಾಣುತ್ತವೆ. ಎಫ್/4ರಲ್ಲಿ ಅವು ಬಹುತೇಕ ಕರಗಿಹೋಗುತ್ತವೆ, ಆದರೆ ನೀಲಿ ಆಕಾಶದಲ್ಲಿ ಒಂದು ಉಳಿದರೂ ಫೋಟೊ ವಾಪಸ್ ಬರಬಹುದು. ಜಿಪ್ ಇರುವ ಚಿಕ್ಕ ಚೀಲದಲ್ಲಿಡಿ, ಮರಳು ಹಾರುವ ಕಡಲತೀರದಲ್ಲಿ ಜೂಮ್ ಹಿಂದೆ ಮುಂದೆ ಆಡಿಸಬೇಡಿ.

ಬ್ಯಾಟರಿ ಪುಟ್ಟದು. ಆರ್‌ಎಕ್ಸ್100ರ ಏಳನೇ ಮಾದರಿಗೆ ಕಂಪನಿಯೇ ಹೇಳುವುದು ಒಂದು ಚಾರ್ಜಿಗೆ ಸುಮಾರು 260 ಫೋಟೊ. ಎರಡು ಬದಲಿ ಬ್ಯಾಟರಿ ಇರಲಿ. ವಿಮಾನದಲ್ಲಿ ಅವು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

ಇನ್ನು ಮಾರಾಟದ ಕಡೆ. ಜೆಪೆಗ್ ಅನ್ನು ಅತ್ಯುಚ್ಚ ಗುಣಮಟ್ಟದಲ್ಲಿ, ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಪರದೆಗಳ ಬಣ್ಣದ ಮಾನಕದಲ್ಲಿ, ಚೌಕಟ್ಟು, ಸಹಿ, ವಾಟರ್‌ಮಾರ್ಕ್ ಇಲ್ಲದೆ ಕಳುಹಿಸಬೇಕು. ಕಮರ್ಷಿಯಲ್ ಲೈಸೆನ್ಸಿಗೆ (ಜಾಹೀರಾತಿನಂಥ ಬಳಕೆಗೆ) ಹಾಕುವ ಫೋಟೊದಲ್ಲಿ ಗುರುತು ಸಿಗುವ ಮುಖವಿದ್ದರೆ ಆ ವ್ಯಕ್ತಿಯ ಸಹಿ ಇರುವ ಒಪ್ಪಿಗೆ ಪತ್ರ, ಅಂದರೆ ಮಾಡೆಲ್ ರಿಲೀಸ್ ಬೇಕು. ಮಕ್ಕಳಾದರೆ ಹೆತ್ತವರ ಅಥವಾ ಪೋಷಕರ ಸಹಿ. ಅಂಗಿಯ ಮೇಲಿನ ಲೋಗೊ, ಅಂಗಡಿ ಬೋರ್ಡು, ವಾಹನದ ನಂಬರ್ ಪ್ಲೇಟು ಅಳಿಸಿರಬೇಕು. ಕಟ್ಟಡಗಳಲ್ಲೂ ತೊಡಕುಂಟು: ಐಫೆಲ್ ಗೋಪುರದ ಹಗಲಿನ ಫೋಟೊಗೆ ತಕರಾರಿಲ್ಲ, ರಾತ್ರಿಯ ದೀಪಾಲಂಕಾರ ಕೃತಿಸ್ವಾಮ್ಯಕ್ಕೆ ಒಳಪಟ್ಟದ್ದು. ಪ್ರವಾಸದ ಬಹುಪಾಲು ಚಿತ್ರಗಳು ಹೀಗಾಗಿ ಸುದ್ದಿ, ಲೇಖನಗಳ ಬಳಕೆಗೆ ಮೀಸಲಾದ ಎಡಿಟೋರಿಯಲ್ ವರ್ಗಕ್ಕೇ ಹೋಗುತ್ತವೆ, ಹೋಗಲಿ. ಸೂರ್ಯಾಸ್ತ, ಕಾಫಿ ಬಟ್ಟಲುಗಳನ್ನು ಈಗ ಎಐ ರಾಶಿ ಹಾಕುತ್ತಿದೆ. ಇಂಥ ಊರಿನ ಇಂಥ ಬೀದಿಯಲ್ಲಿ ಇಂಥ ದಿನ ನಡೆದದ್ದನ್ನು ಅಲ್ಲಿ ನಿಂತವರೇ ತೆಗೆಯಬೇಕು.

ಎಡಿಟೋರಿಯಲ್ ಚಿತ್ರದಲ್ಲಿ ಏನನ್ನೂ ಅಳಿಸುವಂತಿಲ್ಲ, ಸೇರಿಸುವಂತಿಲ್ಲ. ಸೆನ್ಸರಿನ ದೂಳಿನ ಚುಕ್ಕೆ, ಬೆಳಕು, ಕ್ರಾಪ್ ಇಷ್ಟಕ್ಕೆ ಮಾತ್ರ ಅವಕಾಶ. ಶಟರ್‌ಸ್ಟಾಕ್ ಕೇಳುವ ಕ್ಯಾಪ್ಷನ್‌ನಲ್ಲಿ ಮೊದಲು ಊರು, ದೇಶ, ನಂತರ ದಿನಾಂಕ, ಆಮೇಲೆ ವಿವರ ಬರಬೇಕು. ಇಲ್ಲಿಯೇ ಕ್ಯಾಮೆರಾದ ಗಡಿಯಾರ ಕೈಕೊಡುವುದು. ಬೇರೆ ಸಮಯ ವಲಯಕ್ಕೆ ಹೋದಾಗ ಕ್ಯಾಮೆರಾ ತಾನಾಗಿ ಬದಲಾಗದು. ಮಧ್ಯರಾತ್ರಿಯ ಆಸುಪಾಸಿನ ಉತ್ಸವದ ಫೋಟೊ ಹಿಂದಿನ ದಿನಕ್ಕೋ ಮರುದಿನಕ್ಕೋ ಸೇರಿಹೋಗುತ್ತದೆ. ವಿಮಾನ ಇಳಿದ ಕೂಡಲೇ ಗಡಿಯಾರ ಸರಿಮಾಡಿಕೊಂಡು ಮೊಬೈಲಿನ ಗಡಿಯಾರದ್ದೇ ಒಂದು ಫೋಟೊ ತೆಗೆದಿಟ್ಟರೆ ಆಮೇಲೆ ತಾಳೆ ನೋಡಲು ಬರುತ್ತದೆ. ಕೀವರ್ಡ್‌ಗಳಿಗೆ ಅಡೋಬಿ ಸ್ಟಾಕ್‌ನಲ್ಲಿ 49ರವರೆಗೆ ಜಾಗವಿದೆ, ತೂಕ ಹೆಚ್ಚು ಮೊದಲ ಹತ್ತಕ್ಕೆ. ಊರಿನ ಹೆಸರು, ವಸ್ತುವಿನ ಹೆಸರು ಮೊದಲು ಬರಲಿ. "ಸುಂದರ", "ಪ್ರವಾಸ" ಕೊನೆಗೆ. ಒಂದೇ ದೃಶ್ಯದ ಹತ್ತು ನಕಲು ಕಳುಹಿಸಿದರೆ ಒಂದೇ ರೀತಿಯವು ಎಂದು ಮರಳಿಸುತ್ತಾರೆ. ಅಡ್ಡ ಒಂದು, ನಿಲುವು ಒಂದು, ಅಕ್ಷರ ಕೂರಿಸಲು ಜಾಗ ಬಿಟ್ಟದ್ದು ಒಂದು ಇದ್ದರೆ ಸಾಕು.

ಇನ್ನು ಮುಂದೆ ಓದುಗರ ಫೋಟೊ ಅಚ್ಚು ಹಾಕುವಾಗ ತಾವು ಕ್ಯಾಮೆರಾದ ಹೆಸರಿನ ಜತೆ ಅಪರ್ಚರ್, ಶಟರ್ ವೇಗ, ಐಎಸ್‌ಒ ಮೂರನ್ನೂ ಒಂದು ಸಾಲಿನಲ್ಲಿ ಕೊಡಬೇಕೆಂದು ವಿನಂತಿ. ಎಲ್ಲವೂ ಫೈಲಿನೊಳಗೇ ದಾಖಲಾಗಿರುತ್ತವೆ, ಕಳುಹಿಸಿದವರನ್ನು ಕೇಳುವ ತೊಂದರೆಯೂ ಇಲ್ಲ.

ಇಂತಿ,
ತಮ್ಮ ಓದುಗ