ಲೋಡ್ ಏರಿದೊಡನೆ ಯಂತ್ರ ಬದಲಿಸಬೇಕಿಲ್ಲ

ಮಾನ್ಯ ಸಂಪಾದಕರೇ,

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಮರ ಬಿದ್ದು ತಂತಿ ತುಂಡಾಗಿ, ಮೂರು ದಿನ ಕರೆಂಟೂ ಇಂಟರ್‌ನೆಟ್ಟೂ ಇಲ್ಲದೆ ಕಳೆಯುವುದು ಕೊಡಗಿನ ನಾಪೋಕ್ಲು ಕಡೆಯ ನಮಗೆ ಹೊಸದಲ್ಲ. ಈ ಸಲ ಹಾಗೆ ಹೋದ ಕರೆಂಟ್ ಮರಳಿದ ಸಂಜೆ, ನಮ್ಮ ಮನೆಯ ಲಿನಕ್ಸ್ ಮೇಲ್ ಸರ್ವರ್ (ನಮ್ಮ ಇ-ಮೇಲ್ ಪತ್ರಗಳನ್ನು ಪಡೆದು ಕಳಿಸುವ ಕಂಪ್ಯೂಟರ್) ಅರ್ಧ ಗಂಟೆಯೊಳಗೆ ಉಸಿರುಗಟ್ಟಿದಂತಾಯಿತು. ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವುದಕ್ಕೇ ನಾಲ್ಕು ನಿಮಿಷ ಹಿಡಿಯಿತು. ಎರಡೇ ಕೋರ್‌ಗಳಿರುವ ಆ ಯಂತ್ರದಲ್ಲಿ ಲೋಡ್ ಆವರೇಜ್, ಎಂದರೆ ಕೆಲಸದ ಹೊರೆಯ ಸರಾಸರಿ, 38ಕ್ಕೆ ಏರಿತ್ತು. ಪೇಟೆಯ ರಿಪೇರಿ ಅಂಗಡಿಯವರು ವಿವರ ಕೇಳದೆಯೇ, ಪ್ರೊಸೆಸರ್ ಹಳೆಯದಾಗಿದೆ, ಯಂತ್ರವನ್ನೇ ಬದಲಿಸಿ ಎಂದರು. ಆ ಸಲಹೆ ತಪ್ಪಾಗಿತ್ತು. ಇದೇ ಪರಿಸ್ಥಿತಿಯಲ್ಲಿ ಇನ್ನೊಬ್ಬರು ಸುಮ್ಮನೆ ಹಣ ಸುರಿಯಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ಲಿನಕ್ಸ್‌ನಲ್ಲಿ ಲೋಡ್ ಎಂದರೆ ಪ್ರೊಸೆಸರಿಗಾಗಿ ಸರದಿಯಲ್ಲಿ ನಿಂತ ಕೆಲಸಗಳ ಎಣಿಕೆಯಷ್ಟೇ ಅಲ್ಲ. ಡಿಸ್ಕಿನ ಕೆಲಸ ಮುಗಿಯಲೆಂದು ಕಾಯುತ್ತ, ಯಾರೂ ಎಬ್ಬಿಸಲಾಗದ ನಿದ್ದೆಯಲ್ಲಿರುವ ಪ್ರಕ್ರಿಯೆಗಳನ್ನೂ (ಓಡುತ್ತಿರುವ ಪ್ರೋಗ್ರಾಂಗಳನ್ನೂ) ಅದು 1993ರಿಂದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದೆ. ನಮ್ಮ ಯಂತ್ರದಲ್ಲಿ 'ಟಾಪ್' ಆಜ್ಞೆ ಹಾಕಿ ನೋಡಿದರೆ ಪ್ರೊಸೆಸರ್ ನಿಜಕ್ಕೂ ದುಡಿಯುತ್ತಿದ್ದುದು ಶೇ 4ರಷ್ಟು, ಡಿಸ್ಕಿಗಾಗಿ ಕಾಯುತ್ತಿದ್ದುದು ಶೇ 90ಕ್ಕಿಂತ ಹೆಚ್ಚು. ಪ್ರಕ್ರಿಯೆಗಳ ಸ್ಥಿತಿ ತೋರಿಸುವ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೂ ಅಂಥ ನಿದ್ದೆಯ ಗುರುತಾದ 'ಡಿ' ಅಕ್ಷರ. ಮೆಮೊರಿಯ ಸ್ಥಿತಿ ತೋರಿಸುವ 'ವಿಎಂಸ್ಟ್ಯಾಟ್' ಆಜ್ಞೆ ಸೆಕೆಂಡಿಗೊಂದು ಸಾಲಿನಂತೆ ಬರೆಯುತ್ತ ಹೋದಾಗ, ಸ್ವಾಪ್‌ಗೆ (ಡಿಸ್ಕಿನಲ್ಲಿ ಮೆಮೊರಿಗೆ ಬದಲಾಗಿ ಬಳಸುವ ಜಾಗಕ್ಕೆ) ಹೋಗುವ ಮತ್ತು ಸ್ವಾಪ್‌ನಿಂದ ಬರುವ ಎರಡು ಕಾಲಂಗಳಲ್ಲೂ ಒಮ್ಮೆಯೂ ಸೊನ್ನೆ ಬರಲಿಲ್ಲ. ಎಂದರೆ, ಮೆಮೊರಿ ಸಾಲದೆ ಯಂತ್ರವು ಡಿಸ್ಕನ್ನೇ ಮೆಮೊರಿಯಾಗಿ ಬಳಸುತ್ತ ಅದರಲ್ಲೇ ಸುಸ್ತಾಗಿತ್ತು.

4 ಜಿಬಿ ಮೆಮೊರಿ ವರ್ಷವೆಲ್ಲ ಸಾಲುತ್ತಿದ್ದದ್ದು ಆ ಸಂಜೆ ಮಾತ್ರ ಏಕೆ ಸಾಲದಾಯಿತೆಂಬುದಕ್ಕೆ ಎರಡು ಕಾರಣಗಳು ಒಟ್ಟಿಗೆ ಸೇರಿದ್ದವು. ನಮ್ಮ ಸರ್ವರ್ ಉತ್ತರಿಸದಿದ್ದಾಗ ಮೇಲ್ ಕಳಿಸುವ ಸರ್ವರ್‌ಗಳು ಪತ್ರವನ್ನು ಎಸೆಯುವುದಿಲ್ಲ; ಸಾಮಾನ್ಯವಾಗಿ ನಾಲ್ಕೈದು ದಿನ ತಮ್ಮಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಮೂರು ದಿನ ಹಾಗೆ ಕಾದಿದ್ದ ಟಪಾಲೆಲ್ಲ ಒಮ್ಮೆಲೇ ಬಾಗಿಲಿಗೆ ಬಂತು. ವೇಗ ಹೆಚ್ಚಲೆಂದು ನಾನು ಹಿಂದೊಮ್ಮೆ, ಬಂದ ಪತ್ರಗಳನ್ನು ಪರೀಕ್ಷಿಸುವ ಅಮಾವಿಸ್ ಎಂಬ ಪ್ರೋಗ್ರಾಂನ ಪ್ರಕ್ರಿಯೆಗಳ ಮಿತಿಯನ್ನು 2ರಿಂದ 10ಕ್ಕೆ ಏರಿಸಿದ್ದೆ. ಒಂದೊಂದು ಪ್ರಕ್ರಿಯೆಯೂ ಸ್ಪ್ಯಾಮ್ (ಬೇಡದ ಟಪಾಲು) ಪರೀಕ್ಷೆಗೆ ಸುಮಾರು 100 ಎಂಬಿ ಕೇಳುತ್ತಿತ್ತು. ಅದೇ ಹೊತ್ತಿಗೆ, ಮೂರು ದಿನ ಹಿಂದುಳಿದಿದ್ದ ವೈರಸ್ ಪತ್ತೆ ಪ್ರೋಗ್ರಾಂ ಕ್ಲಾಮ್‌ಎವಿ ಹೊಸ ವೈರಸ್ ಪಟ್ಟಿಯನ್ನು ಇಳಿಸಿಕೊಂಡಿತು. ಮೆಮೊರಿಯಲ್ಲಿ ಒಂದು ಜಿಬಿಗೂ ಮಿಕ್ಕಿ ಜಾಗ ಹಿಡಿಯುವ ಆ ಪಟ್ಟಿಯ ಹಳೆಯ ಪ್ರತಿಯನ್ನು ಬಿಡುವ ಮೊದಲೇ ಹೊಸದನ್ನೂ ಮೆಮೊರಿಗೆ ತುಂಬಿಕೊಳ್ಳುವುದು ಅದರ ಸಹಜ ರೀತಿ. ಪಟ್ಟಿ ಬದಲಾಗುವಾಗಲೂ ಪರೀಕ್ಷೆ ನಿಲ್ಲಬಾರದೆಂಬ ಉದ್ದೇಶ ಒಳ್ಳೆಯದೇ, ಆದರೆ ಚಿಕ್ಕ ಯಂತ್ರಕ್ಕೆ ಅದು ಹೊರೆ.

ಯಾರೋ ದಾಳಿ ಮಾಡಿರಬಹುದೆಂಬ ಭಯ ಮೊದಲು ನನಗೂ ಇತ್ತು. ಆದ್ದರಿಂದ 'ಪೋಸ್ಟ್‌ಕ್ಯೂ' ಆಜ್ಞೆಯಿಂದ, ಸರ್ವರ್‌ನಲ್ಲಿ ರವಾನೆಗೆ ಕಾದಿದ್ದ ಪತ್ರಗಳ ಸರದಿಯನ್ನು ನೋಡಿದೆ. ನಮ್ಮದೇ ಒಂದು ಖಾತೆಯ ಹೆಸರಿನಲ್ಲಿ ಗುರುತಿಲ್ಲದವರಿಗೆ ನೂರಾರು ಪತ್ರಗಳು ಹೊರಡುತ್ತಿದ್ದರೆ ಪಾಸ್‌ವರ್ಡ್ ಕಳವಾಗಿದೆಯೆಂದು ತಿಳಿದು ಅದನ್ನು ಕೂಡಲೇ ಬದಲಿಸಬೇಕಿತ್ತು. ಇಲ್ಲಿ ಇದ್ದುದೆಲ್ಲ ಒಳಬರುವ ಪತ್ರಗಳೇ. ಸರದಿಯನ್ನೇ ಪೂರ್ತಿ ಅಳಿಸಿಬಿಡಿ ಎಂದು ಪರಿಚಿತರೊಬ್ಬರು ಹೇಳಿದ್ದನ್ನು ಮಾಡಿದ್ದರೆ, ಕಾಫಿ ಖರೀದಿದಾರರ ಪತ್ರಗಳೂ, ಹೊರದೇಶದಲ್ಲಿರುವ ಮಗಳು ನಮ್ಮ ಕ್ಷೇಮ ಕೇಳಿ ಬರೆದ ಎರಡು ಪತ್ರಗಳೂ ಹೋಗುತ್ತಿದ್ದವು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮಾಡಬೇಕಾದದ್ದು ಸರಳ. ಪತ್ರಗಳನ್ನು ಪಡೆದು ತಲುಪಿಸುವ ಪ್ರೋಗ್ರಾಂ ಆದ ಪೋಸ್ಟ್‌ಫಿಕ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನೂ ನಷ್ಟವಿಲ್ಲ, ಕಳಿಸುವವರು ಇನ್ನಷ್ಟು ಕಾಯುತ್ತಾರೆ. ಯಂತ್ರ ಸುಧಾರಿಸಿಕೊಂಡ ಮೇಲೆ ಅಮಾವಿಸ್‌ನ ಮಿತಿಯನ್ನು 2ಕ್ಕೆ ಇಳಿಸಿದೆ, ಪೋಸ್ಟ್‌ಫಿಕ್ಸ್ ಅದಕ್ಕೆ ಪತ್ರ ಒಪ್ಪಿಸುವ ಮಿತಿಯನ್ನೂ ಅಷ್ಟಕ್ಕೇ ಹೊಂದಿಸಿದೆ, ಹಳೆಯ ಪಟ್ಟಿಯನ್ನು ಬಿಟ್ಟ ಮೇಲೆಯೇ ಹೊಸದನ್ನು ತುಂಬಿಕೊಳ್ಳಲೆಂದು ಕ್ಲಾಮ್‌ಎವಿ ಸಂರಚನೆಯಲ್ಲಿ 'ಕನ್‌ಕರೆಂಟ್ ಡೇಟಾಬೇಸ್ ರಿಲೋಡ್' ಎಂಬುದಕ್ಕೆ 'ನೋ' ಎಂದು ಬರೆದೆ. ಕರೆಂಟ್ ಹಠಾತ್ತನೆ ಹೋಗಿದ್ದರಿಂದ ಡಿಸ್ಕಿಗೆ ಪೆಟ್ಟಾಗಿದೆಯೇ ಎಂದು 'ಸ್ಮಾರ್ಟ್‌ಸಿಟಿಎಲ್'ನಿಂದ ಪರೀಕ್ಷಿಸಿದ್ದೂ ಆಯಿತು, ಕೆಟ್ಟ ಸೆಕ್ಟರ್‌ಗಳಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಲೋಡ್ ಒಂದಕ್ಕಿಂತ ಕೆಳಗಿಳಿದಿತ್ತು, ಕಾದಿದ್ದ ಪತ್ರಗಳು ನಿಧಾನವಾಗಿ, ಒಂದೂ ತಪ್ಪದೆ ಬಂದು ಸೇರುತ್ತಿದ್ದವು. ಹೊಸ ಯಂತ್ರಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಫೋನುಗಳ ವಿವರ ವಾರವಾರವೂ ಬರುತ್ತದೆ. ಇರುವ ಯಂತ್ರದ ಕಾಯಿಲೆಯನ್ನು ಗುರುತಿಸುವುದು ಹೇಗೆಂಬ ಬರಹಗಳಿಗೂ ಅಲ್ಲಿ ಜಾಗ ಕೊಡಬೇಕೆಂದೂ, ಮಲೆನಾಡಿನವರಿಗೆ ಉಪಯೋಗವಾಗುವಂತೆ ಅವನ್ನು ಮಳೆ ಹಿಡಿಯುವ ಮೊದಲೇ ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

— ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು, ಕೊಡಗು