ಅಣ್ಣನ ಚಿಕಿತ್ಸೆಯ ಕುರಿತು ಸೋದರಳಿಯನಿಗೆ

ಚಿರಂಜೀವಿ ಸೋದರಳಿಯನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಅಣ್ಣನ ಅಂಗಾಲಿನಲ್ಲಿ ಹುಟ್ಟಿದ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ತೊಡೆಸಂದಿನ ಗ್ರಂಥಿಗಳನ್ನು ದಾಟಿ ಶ್ವಾಸಕೋಶಕ್ಕೂ ಹರಡಿದೆಯೆಂದೂ, ವೈದ್ಯರು ಇಮ್ಯುನೊಥೆರಪಿ ಆರಂಭಿಸೋಣವೆಂದು ಹೇಳಿದ್ದಾರೆಂದೂ ಬರೆದಿದ್ದೀಯ. ಎಪ್ಪತ್ತೊಂಬತ್ತು ವರ್ಷದವರಿಗೆ ಅಷ್ಟು ಕಠಿಣವಾದ ಔಷಧವೇಕೆ, ಇರುವಷ್ಟು ದಿನ ನೆಮ್ಮದಿಯಾಗಿರಲಿ ಎಂದು ಬಂಧುಗಳು ಹೇಳುತ್ತಿರುವುದೂ, ಅದರಿಂದ ನಿನ್ನ ಮನಸ್ಸು ಹೊಯ್ದಾಡುತ್ತಿರುವುದೂ ತಿಳಿಯಿತು. ಬಹುಕಾಲ ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಮಾಡಿದ ವೈದ್ಯೆಯಾಗಿ, ಅದಕ್ಕಿಂತ ಹೆಚ್ಚಾಗಿ ಅವನ ತಂಗಿಯಾಗಿ ಹೇಳುತ್ತೇನೆ: ವಯಸ್ಸೊಂದನ್ನೇ ನೋಡಿ ಚಿಕಿತ್ಸೆ ಬೇಡವೆನ್ನಬೇಡ.

ಬಂಧುಗಳ ಮನಸ್ಸಿನಲ್ಲಿರುವುದು ಹಳೆಯ ಕಿಮೊಥೆರಪಿಯ ಚಿತ್ರ. 1975ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಕಾರ್ಬಜೀನ್ ಎಂಬ ಔಷಧವೇ ದಶಕಗಳ ಕಾಲ ಈ ಕಾಯಿಲೆಗೆ ಮುಖ್ಯ ಆಧಾರವಾಗಿತ್ತು. ಅದಕ್ಕೆ ಗೆಡ್ಡೆ ಕುಗ್ಗುತ್ತಿದ್ದುದು ಕೆಲವರಲ್ಲಿ ಮಾತ್ರ, ಅದೂ ಸಾಮಾನ್ಯವಾಗಿ ಕೆಲವು ತಿಂಗಳ ಮಟ್ಟಿಗೆ. 2011ರಲ್ಲಿ ಇಪಿಲಿಮುಮ್ಯಾಬ್, 2014ರಲ್ಲಿ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಗಳು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಇವು ಕ್ಯಾನ್ಸರ್ ಕೋಶಗಳನ್ನು ನೇರವಾಗಿ ಕೊಲ್ಲುವುದಿಲ್ಲ. ನಮ್ಮ ರೋಗನಿರೋಧಕ ಕೋಶಗಳಿಗೆ ದೇಹವೇ ಹಾಕಿಕೊಂಡಿರುವ ಬ್ರೇಕನ್ನು ಸಡಿಲಿಸುತ್ತವೆ. ಈ ಮಾರ್ಗವನ್ನು ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಮೆಲನೋಮಾ ಯಕೃತ್ತಿಗೂ ಮಿದುಳಿಗೂ ಹರಡಿತ್ತು. ಆಗ ಅವರಿಗೆ 90 ವರ್ಷ. ಶಸ್ತ್ರಚಿಕಿತ್ಸೆ ಮತ್ತು ವಿಕಿರಣದ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಪಡೆದ ಅವರು 2024ರ ಡಿಸೆಂಬರಿನಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು.

ಒಬ್ಬರಿಗೆ ಫಲಿಸಿದ್ದು ಎಲ್ಲರಿಗೂ ಫಲಿಸುತ್ತದೆಂದು ನಾನು ಹೇಳುತ್ತಿಲ್ಲ. ಬಿಸಿಲಿಗೆ ಬಾಡಿದ ಬಿಳಿಯ ಚರ್ಮದಲ್ಲಿ ಹುಟ್ಟುವ ಮೆಲನೋಮಾಕ್ಕೂ, ನಮ್ಮಂತಹವರ ಅಂಗಾಲು, ಅಂಗೈ, ಉಗುರಿನ ಬುಡಗಳಲ್ಲಿ ಹುಟ್ಟುವ ಮೆಲನೋಮಾಕ್ಕೂ ವ್ಯತ್ಯಾಸವಿದೆ; ಎರಡನೆಯ ಬಗೆಯಲ್ಲಿ ಈ ಔಷಧಗಳ ಫಲ ಸ್ವಲ್ಪ ಕಡಿಮೆಯೇ. ಆದ್ದರಿಂದ ಆಸೆಯನ್ನು ಅಳತೆಯಲ್ಲಿಟ್ಟುಕೋ. ಆದರೆ ಆ ಅಳತೆಯನ್ನು ಜನ್ಮದಿನಾಂಕದಿಂದ ತೆಗೆಯಬೇಡ. ಅಣ್ಣ ತಾನಾಗಿ ಎದ್ದು ನಡೆಯುತ್ತಾನೆಯೇ, ಈಚೆಗೆ ತೂಕ ಇಳಿದಿದೆಯೇ, ಬಿದ್ದಿದ್ದಾನೆಯೇ, ನೆನಪು ಹೇಗಿದೆ, ಹೃದಯ ಮತ್ತು ಮೂತ್ರಪಿಂಡಗಳು ಹೇಗಿವೆ, ಹಗಲು ಹೊತ್ತು ಜೊತೆಗೆ ಯಾರಿರುತ್ತಾರೆ ಎಂಬುದನ್ನೆಲ್ಲ ವಿಚಾರಿಸಿಯೇ ನಿರ್ಧಾರ ಮಾಡಬೇಕು. ವಯೋವೃದ್ಧರ ಶಕ್ತಿಯನ್ನು ಹೀಗೆ ಕ್ರಮವಾಗಿ ಅಳೆಯುವ ಪದ್ಧತಿ ಈಗ ಇದೆ. ಅದನ್ನು ಮಾಡಿಸುವಂತೆ ವೈದ್ಯರನ್ನು ಕೇಳು.

ಒಂದೇ ಔಷಧವೋ ಎರಡು ಔಷಧಗಳ ಜೋಡಿಯೋ ಎಂಬ ಪ್ರಶ್ನೆಯನ್ನೂ ತಪ್ಪದೆ ಎತ್ತು. ಮುಂದುವರಿದ ಮೆಲನೋಮಾ ಇದ್ದವರನ್ನು ಹತ್ತು ವರ್ಷ ಅನುಸರಿಸಿದ ದೊಡ್ಡ ಅಧ್ಯಯನವೊಂದರಲ್ಲಿ ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಎರಡನ್ನೂ ಪಡೆದವರಲ್ಲಿ ಶೇ. 43ರಷ್ಟು, ನಿವೊಲುಮ್ಯಾಬ್ ಒಂದನ್ನೇ ಪಡೆದವರಲ್ಲಿ ಶೇ. 37ರಷ್ಟು ಮಂದಿ ಬದುಕಿದ್ದರು. ತೀವ್ರ ಅಡ್ಡಪರಿಣಾಮಗಳು ಮಾತ್ರ ಜೋಡಿ ಔಷಧದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೂ, ಒಂಟಿ ಔಷಧದಲ್ಲಿ ಸುಮಾರು ಕಾಲುಭಾಗದವರಿಗೂ ಆದವು. ಅಣ್ಣನ ವಯಸ್ಸಿನಲ್ಲಿ ಒಂದು ತೀವ್ರ ಭೇದಿಯೇ ಆಸ್ಪತ್ರೆಯ ಹಾಸಿಗೆ ಹಿಡಿಸಬಲ್ಲದು. ಒಂಟಿ ಔಷಧದಿಂದ ಆರಂಭಿಸುವುದು ಉಚಿತವೆಂದು ನನಗೆ ತೋರುತ್ತದೆ. ರೋಗದ ವೇಗವನ್ನು ಕಣ್ಣಾರೆ ಕಂಡಿರುವ ವೈದ್ಯರು ಬೇರೆ ಹೇಳಿದರೆ ಕಾರಣ ಕೇಳಿ ತಿಳಿದುಕೋ.

ನಾನು ಹೆಚ್ಚು ಹೆದರುವುದು ಔಷಧಕ್ಕಲ್ಲ, ನಮ್ಮ ಮನೆಯ ಅಭ್ಯಾಸಗಳಿಗೆ. ಅಣ್ಣ ನೋವನ್ನು ಬಾಯಿ ಬಿಟ್ಟು ಹೇಳುವವನಲ್ಲ. ಬ್ರೇಕು ಸಡಿಲಗೊಂಡ ರೋಗನಿರೋಧಕ ಶಕ್ತಿ ಸ್ವಂತ ಕರುಳು, ಶ್ವಾಸಕೋಶ, ಯಕೃತ್ತು, ಥೈರಾಯ್ಡ್, ಅಪರೂಪಕ್ಕೆ ಹೃದಯದ ಮೇಲೂ ತಿರುಗಿಬೀಳಬಹುದು. ಭೇದಿ ಆರಂಭವಾದರೆ ಮಜ್ಜಿಗೆ, ಮೆಂತ್ಯ ಎಂದು ಎರಡು ದಿನ ಕಳೆಯುವುದು, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನಿಲ್ಲಿಸುವುದು ಇಲ್ಲಿ ಅಪಾಯಕರ. ಅದು ಕರುಳಿನ ಉರಿಯೂತವಾಗಿದ್ದರೆ ಬೇಗನೆ ಸ್ಟೀರಾಯ್ಡ್ ಕೊಡಬೇಕಾಗುತ್ತದೆ. ಹೊಸದಾಗಿ ಒಣಕೆಮ್ಮು, ಏದುಸಿರು, ಎದೆನೋವು, ವಿಪರೀತ ಸುಸ್ತು, ರೆಪ್ಪೆ ಜೋಲುವುದು, ತಡೆಯಲಾಗದ ಬಾಯಾರಿಕೆ ಕಂಡರೆ ಅದೇ ದಿನ ಕ್ಯಾನ್ಸರ್ ವೈದ್ಯರಿಗೆ ತಿಳಿಸು. ವಯಸ್ಸಾಯಿತಲ್ಲ, ಸುಸ್ತಾಗುತ್ತದೆ ಎಂದು ಯಾರೂ ತೇಲಿಸದಿರಲಿ. ಚಿಕಿತ್ಸೆ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರಬಹುದಾದ್ದರಿಂದ, ಔಷಧದ ಹೆಸರು ಬರೆದ ಚೀಟಿಯೊಂದು ಅವನ ಜೇಬಿನಲ್ಲಿ ಸದಾ ಇರಲಿ. ಸ್ಟೀರಾಯ್ಡ್ ಕೊಡಬೇಕಾಗಿ ಬಂದರೆ ಸಕ್ಕರೆ ಏರುತ್ತದೆ. ಅವನ ಮಧುಮೇಹದ ಮಾತ್ರೆಗಳನ್ನು ಆಗ ಮತ್ತೆ ಹೊಂದಿಸಬೇಕು.

ಇನ್ನೊಂದು ಮಾತು. ಅಮೃತಬಳ್ಳಿಯ ಕಷಾಯ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಯಾರಾದರೂ ತಂದುಕೊಟ್ಟೇ ಕೊಡುತ್ತಾರೆ. ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಕಷಾಯವನ್ನೂ ಇಮ್ಯುನೊಥೆರಪಿಯನ್ನೂ ಒಟ್ಟಿಗೆ ತೆಗೆದುಕೊಂಡು ಯಕೃತ್ತಿನ ಪರೀಕ್ಷೆ ಕೆಟ್ಟರೆ, ಕಾರಣ ಯಾವುದೆಂದು ತಿಳಿಯದೆ ಫಲ ಕೊಡುತ್ತಿರುವ ಔಷಧವನ್ನೇ ನಿಲ್ಲಿಸಬೇಕಾಗಬಹುದು. ವಿನಯದಿಂದ ನಿರಾಕರಿಸು.

ಗೆಡ್ಡೆಯ ತುಣುಕಿನಲ್ಲಿ ಬಿರ್ಯಾಫ್ (BRAF) ಮತ್ತು ಕಿಟ್ (KIT) ಜೀನ್‌ಗಳ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸು. ಬಿರ್ಯಾಫ್ ರೂಪಾಂತರ, ಎಂದರೆ ಆ ಜೀನಿನಲ್ಲಾದ ಬದಲಾವಣೆ, ಅಂಗಾಲಿನ ಬಗೆಯಲ್ಲಿ ಕಡಿಮೆ, ಆದರೂ ಇದ್ದರೆ ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಮಾತ್ರೆಗಳ ದಾರಿಯೊಂದಿದೆ. ಅವುಗಳಿಂದ ಮತ್ತೆ ಮತ್ತೆ ಜ್ವರ ಬರಬಹುದು, ವೃದ್ಧರಲ್ಲಿ ನಿರ್ಜಲೀಕರಣವಾಗಿ ರಕ್ತದೊತ್ತಡ ಕುಸಿಯಬಹುದು, ಹೃದಯದ ಎಕೋ ಆಗಾಗ ಮಾಡಿಸಬೇಕಾಗುತ್ತದೆ. ಕಿಟ್ ರೂಪಾಂತರವಿದ್ದರೆ, ಒಂದು ಬಗೆಯ ರಕ್ತಕ್ಯಾನ್ಸರಿಗೆ ನಮ್ಮಲ್ಲಿ ವ್ಯಾಪಕವಾಗಿ ಬಳಸುವ ಇಮಾಟಿನಿಬ್ ಕೆಲವರಿಗೆ ನೆರವಾಗುತ್ತದೆ.

ಖರ್ಚಿನ ವಿಷಯದಲ್ಲಿ ಸಂಕೋಚಪಡಬೇಡ. ಈ ಚಿಕಿತ್ಸೆಗೆ ಒಟ್ಟಾರೆ ಲಕ್ಷಗಟ್ಟಲೆ ಖರ್ಚಾಗಬಹುದು. ಜಮೀನು ಮಾರುವ ಮೊದಲು ಆಸ್ಪತ್ರೆಯ ಸಮಾಜಕಾರ್ಯ ವಿಭಾಗದಲ್ಲಿ ನೆರವಿನ ಯೋಜನೆಗಳನ್ನು ವಿಚಾರಿಸು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಎರಡನೆಯ ಅಭಿಪ್ರಾಯ ಪಡೆ. ಸುಮಾರು ಮೂರು ತಿಂಗಳ ಹೊತ್ತಿಗೆ ಸ್ಕ್ಯಾನ್ ಮಾಡಿ ಫಲ ನೋಡುತ್ತಾರೆ. ಆಗ ರೋಗ ಮುಂದುವರಿದಿದ್ದರೆ ಏನು ಮಾಡಬೇಕೆಂಬುದನ್ನು ಈಗಲೇ ಮಾತಾಡಿಕೊಳ್ಳಿ. ನೋವುಶಮನದ ವೈದ್ಯರನ್ನು ಕೊನೆಗೆ ಕರೆಯುವುದೆಂದು ಕಾಯಬೇಡಿ, ಮೊದಲ ದಿನದಿಂದಲೇ ಅವರೂ ಜೊತೆಗಿರಲಿ.

ನಿನ್ನ ಪತ್ರದಲ್ಲಿ ಎಲ್ಲರ ಅಭಿಪ್ರಾಯವೂ ಇದೆ, ಅಣ್ಣನದು ಮಾತ್ರ ಇಲ್ಲ. ಅವನಿಗೆ ಕ್ಯಾನ್ಸರ್ ಎಂಬ ಮಾತನ್ನೇ ಹೇಳಿಲ್ಲವೆಂದು ನನಗೆ ಅನುಮಾನ. ಮುಂದಿನ ಭೇಟಿಗೆ ಮೊದಲು ನೀನೇ ಹೇಳು. ಔಷಧದಿಂದ ಏನು ಸಿಗಬಹುದು, ಏನು ಅನುಭವಿಸಬೇಕಾಗಬಹುದು ಎಂಬುದೆರಡನ್ನೂ ವೈದ್ಯರು ಅವನ ಎದುರಿಗೇ ವಿವರಿಸಲಿ. ಅವನು ಒಪ್ಪಿದರೆ ಮೊದಲ ಚುಚ್ಚುಮದ್ದಿನ ದಿನ ತಿಳಿಸು, ನಾನು ಬಂದು ಜೊತೆಗಿರುತ್ತೇನೆ. ಬೇಡವೆಂದರೆ ಅದನ್ನು ಗೌರವಿಸು. ಬಂಧುಗಳಿಗೆ ಉತ್ತರ ಹೇಳುವ ಹೊಣೆ ನನ್ನದು.

ಇತಿ,
ನಿನ್ನ ಅತ್ತೆ